ಹಳೆಯ ಹಂಚಿನ ಕಾರ್ಖಾನೆ ಮುದ್ರೆಗಳು: ವರ್ತಕರು ತಿಳಿದಿರಬೇಕಾದ ಸಂಗತಿಗಳು

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳಲ್ಲಿ ಹಂಚಿನ ಮಾಡಿನ ಹಳೆಯ ಮನೆಗಳನ್ನು ಕಳಚಿ ಕಾಂಕ್ರೀಟು ಮನೆಗಳನ್ನು ಕಟ್ಟುವ ಕೆಲಸ ಹಲವು ವರ್ಷಗಳಿಂದ ನಡೆದುಬಂದಿದೆ. ಕಳಚಿದ ಮನೆಯ ಕಂಬ, ತೊಲೆ, ಬಾಗಿಲುಗಳಿಗೆ ಗಿರಾಕಿಗಳು ಹಿಂದಿನಿಂದಲೂ ಇದ್ದರು. ಹಂಚಿಗೆ ಮಾತ್ರ ಅಂತಹ ಮಾನ್ಯತೆ ಇರಲಿಲ್ಲ. ಒಳ್ಳೆಯ ಹಂಚುಗಳು ದನದ ಕೊಟ್ಟಿಗೆಗೋ ಪಂಪಿನ ಶೆಡ್ಡಿಗೋ ಹೋಗುತ್ತಿದ್ದವು. ಉಳಿದವು ತೋಟದ ಮೂಲೆಯಲ್ಲಿ ಪಾಚಿ ಹಿಡಿಯುತ್ತಿದ್ದವು. ಈಗ ಸ್ಥಿತಿ ಬದಲಾಗಿದೆ. ಹೋಮ್‌ಸ್ಟೇ ಮತ್ತು ರೆಸಾರ್ಟ್ ಕಟ್ಟುವವರು, ಪೂರ್ವಿಕರ ಮನೆಯನ್ನು ದುರಸ್ತಿ ಮಾಡಿಸಿ ಉಳಿಸಿಕೊಳ್ಳುವವರು ಹಳೆಯ ಹಂಚನ್ನೇ ಕೇಳಿ ಬರುತ್ತಿದ್ದಾರೆ. ಅವರಲ್ಲಿ ಅನೇಕರು ಹಂಚನ್ನು ಮಗುಚಿ, ಒಳಮೈಯಲ್ಲಿ ಒತ್ತಿರುವ ಕಾರ್ಖಾನೆಯ ಮುದ್ರೆಯನ್ನು ನೋಡಿದ ಬಳಿಕವೇ ಬೆಲೆಯ ಮಾತಿಗೆ ಬರುತ್ತಾರೆ.

ಹೀಗಿರುವಾಗ ಮುದ್ರೆಯನ್ನು ಓದಲು ಬಲ್ಲವನಿಗೆ ಲಾಭ, ಬಾರದವನಿಗೆ ನಷ್ಟ ಎಂಬುದು ಸ್ಪಷ್ಟ. ಮಾರುವ ಮನೆಯವರು ಏನನ್ನು ಮಾರುತ್ತಿದ್ದೇವೆಂದು ತಿಳಿಯದೆ ಮಾರುತ್ತಾರೆ. ಕೊಳ್ಳುವ ವರ್ತಕರು ಏನನ್ನು ಕೊಂಡೆವೆಂದು ತಿಳಿಯದೆ ಕೊಳ್ಳುತ್ತಾರೆ. ಈ ಲೇಖನದ ತಾತ್ಪರ್ಯವನ್ನು ಆರಂಭದಲ್ಲಿಯೇ ಹೇಳಬಹುದಾದರೆ ಅದು ಇಷ್ಟೇ: ಹಂಚಿನ ಮುದ್ರೆಯು ಅದನ್ನು ಯಾರು ಮಾಡಿದರು, ಹೆಚ್ಚಿನ ಸಂದರ್ಭಗಳಲ್ಲಿ ಎಲ್ಲಿ ಮಾಡಿದರು ಎಂಬುದನ್ನು ಹೇಳುತ್ತದೆ. ಅದು ಯಾವ ವರ್ಷದ್ದು ಎಂಬುದನ್ನೂ ಎಷ್ಟು ಗಟ್ಟಿಯಾಗಿದೆ ಎಂಬುದನ್ನೂ ಹೇಳುವುದಿಲ್ಲ. ವ್ಯಾಪಾರದಲ್ಲಿ ತಪ್ಪುಗಳಾಗುವುದು ಹೆಚ್ಚಾಗಿ ಈ ಎರಡನ್ನು ಒಂದೆಂದು ಭಾವಿಸುವುದರಿಂದ.

ಮುದ್ರೆ ಬಂದ ಬಗೆ

ಮುಳಿಹುಲ್ಲು, ತೆಂಗಿನ ಮಡಲು ಮತ್ತು ಕುಂಬಾರರು ಕೈಯಲ್ಲಿ ಮಾಡುತ್ತಿದ್ದ ನಾಡಹಂಚುಗಳೇ ನಮ್ಮ ಕರಾವಳಿಯ ಮಾಡುಗಳನ್ನು ಮುಚ್ಚುತ್ತಿದ್ದ ಕಾಲವೊಂದಿತ್ತು. ನಾಡಹಂಚಿಗೆ ಮುದ್ರೆಯ ಅಗತ್ಯವಿರಲಿಲ್ಲ. ಮಾಡಿದ ಕುಂಬಾರನೂ ಕೊಂಡ ಮನೆಯವನೂ ಒಂದೇ ಊರಿನವರಾಗಿದ್ದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಾಗ ಈ ಸ್ಥಿತಿ ಬದಲಾಯಿತು. ಅದರ ಹಿಂದೆ ಇದ್ದವರು ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ತಂತ್ರಜ್ಞ. ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯ ಆವೆಮಣ್ಣು, ಘಟ್ಟದ ಬುಡದಿಂದ ಬರುವ ಕಟ್ಟಿಗೆ, ಸರಕನ್ನು ಸಾಗಿಸಲು ನದಿ ಮತ್ತು ಕಡಲು, ಇವೆಲ್ಲವೂ ಒಂದೇ ಕಡೆ ದೊರೆತದ್ದು ಈ ಉದ್ಯಮದ ಭಾಗ್ಯವಾಯಿತು.

ಅಚ್ಚಿನಲ್ಲಿ ಒತ್ತಿ ಮಾಡುವ, ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವ ಹಂಚು ಮೂಲತಃ ನಮ್ಮಲ್ಲಿ ಹುಟ್ಟಿದ್ದಲ್ಲ. ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಆಲ್ಟ್‌ಕಿರ್ಶ್ ಎಂಬ ಊರಿನ ಜಿಲಾರ್ದೋನಿ ಸಹೋದರರು 1841ರಲ್ಲಿ ಇಂತಹ ಹಂಚಿಗೆ ಪೇಟೆಂಟ್ ಪಡೆದಿದ್ದರು. ಮಂಗಳೂರು ಹಂಚು ಅದೇ ಕುಟುಂಬಕ್ಕೆ ಸೇರಿದ್ದು. ಒತ್ತುಯಂತ್ರದ ಅಚ್ಚಿನಲ್ಲಿಯೇ ಹೆಸರನ್ನು ಕೊರೆದಿಟ್ಟರೆ ಪ್ರತಿ ಹಂಚಿನ ಮೇಲೆಯೂ ಅದು ಖರ್ಚಿಲ್ಲದೆ ಮೂಡುತ್ತದೆ. ಹಂಚು ಸಿಲೋನ್, ಬರ್ಮಾ, ಪೂರ್ವ ಆಫ್ರಿಕಾಗಳಿಗೆ ಹಡಗೇರಿ ಹೋಗತೊಡಗಿದಾಗ, ಮಾಡಿದವನ ಮುಖವನ್ನು ಎಂದೂ ಕಾಣದ ಗಿರಾಕಿಗೆ ಆ ಹೆಸರೇ ಭರವಸೆಯಾಯಿತು.

ಬಂಟ್ವಾಳದ ವರ್ತಕರಿಗೆ ಈ ಇತಿಹಾಸದಲ್ಲಿ ವಿಶೇಷ ಪಾಲಿದೆ. ಬಾಸೆಲ್ ಮಿಷನ್ನಿನ ಕಾರ್ಖಾನೆ ಆರಂಭವಾದ ಮೂರೇ ವರ್ಷಗಳಲ್ಲಿ, 1868ರಲ್ಲಿ, ಪಾಸ್ಕಲ್ ಅಲ್ಬುಕರ್ಕ್ ಅವರು ಹಂಚಿನ ಕಾರ್ಖಾನೆಯನ್ನು ತೆರೆದರು. ಅದು ಆರಂಭವಾದದ್ದು ಇಂದಿನ ಬಂಟ್ವಾಳ ತಾಲ್ಲೂಕಿನ ಪಾಣೆಮಂಗಳೂರಿನಲ್ಲಿ, ನೇತ್ರಾವತಿಯ ದಂಡೆಯಲ್ಲಿ. ವಿದೇಶೀ ಮಿಷನ್ನಿನ ಕೈಯಲ್ಲಿದ್ದ ಉದ್ಯಮಕ್ಕೆ ನಮ್ಮ ನಾಡಿನ ಉದ್ಯಮಿಯೊಬ್ಬರು ಇಷ್ಟು ಬೇಗ ಕೈಹಾಕಿದರೆಂಬುದು ನಮ್ಮ ಸದಸ್ಯರು ನೆನಪಿಡಬೇಕಾದ ಸಂಗತಿ. ಆ ಬಳಿಕ ನದಿಯ ಇಕ್ಕೆಲಗಳಲ್ಲಿಯೂ ಒಂದರ ಹಿಂದೆ ಒಂದರಂತೆ ಕಾರ್ಖಾನೆಗಳು ಎದ್ದವು. ಪ್ರತಿಯೊಂದಕ್ಕೂ ತನ್ನದೇ ಹೆಸರು, ತನ್ನದೇ ಮುದ್ರೆ ಬಂತು.

ಇಸವಿಯ ಭ್ರಮೆ

ಹಳೆಯ ಹಂಚಿನಲ್ಲಿ ಕಾಣುವ ಇಸವಿಯೇ ಅತಿ ಹೆಚ್ಚು ದಾರಿತಪ್ಪಿಸುವ ಗುರುತು. 1865 ಎಂಬ ಅಂಕಿ ಕಂಡೊಡನೆ ‘ಇದು ನೂರೈವತ್ತು ವರ್ಷಗಳಿಗೂ ಹಿಂದಿನ ಹಂಚು’ ಎಂದು ಮಾರುವವರೂ ಹೇಳುತ್ತಾರೆ, ಕೊಳ್ಳುವವರೂ ನಂಬುತ್ತಾರೆ. ಆದರೆ 1865 ಎಂಬುದು ಕಾರ್ಖಾನೆ ಸ್ಥಾಪನೆಯಾದ ವರ್ಷ, ಹಂಚು ತಯಾರಾದ ವರ್ಷವಲ್ಲ. ಅಲ್ಬುಕರ್ಕ್ ಹಂಚಿನ ಮೇಲಿನ 1868ಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಂಗಡಿಯ ನಾಮಫಲಕದಲ್ಲಿ ‘ಸ್ಥಾಪನೆ’ ಎಂದು ಬರೆಸುವ ಇಸವಿ ಒಳಗಿರುವ ಬಟ್ಟೆಯ ವಯಸ್ಸನ್ನು ಹೇಳುವುದಿಲ್ಲವಷ್ಟೆ. ಹಂಚಿನ ಇಸವಿಯೂ ಹಾಗೆಯೇ.

ಹಾಗಾದರೆ ಕಾಲವನ್ನು ತಿಳಿಯುವುದು ಹೇಗೆ? ಹೆಸರು ಮತ್ತು ಸ್ಥಳ, ಎರಡನ್ನೂ ಸೇರಿಸಿ ಓದಬೇಕು. ಬಾಸೆಲ್ ಮಿಷನ್ನಿಗೆ ಜೆಪ್ಪುವಲ್ಲದೆ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಕೋಡಕ್ಕಲ್, ಪಾಲಕ್ಕಾಡ್, ಫೆರೋಕ್ ಮುಂತಾದೆಡೆ ಕಾರ್ಖಾನೆಗಳಿದ್ದವು. ಇವೆಲ್ಲ ಒಂದೇ ಕಾಲಕ್ಕೆ ಆರಂಭವಾದವುಗಳಲ್ಲ. ಫೆರೋಕಿನ ಕಾರ್ಖಾನೆ ಆರಂಭವಾದದ್ದು 1905ರಲ್ಲಿ. ಆದ್ದರಿಂದ ಆ ಊರಿನ ಹೆಸರುಳ್ಳ ಮಿಷನ್ ಹಂಚು, ಅದರ ಮೇಲೆ ಬೇರಾವ ಇಸವಿ ಇದ್ದರೂ, 1905ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಇನ್ನೊಂದು ತುದಿಯಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ ಮಿಷನ್ನಿನ ಉದ್ಯಮಗಳು ಬ್ರಿಟಿಷ್ ಸರಕಾರದ ವಶವಾಗಿ, ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಸೇರಿದವು. ಹೀಗಾಗಿ ಕಾಮನ್‌ವೆಲ್ತ್ ಎಂಬ ಹೆಸರುಳ್ಳ ಹಂಚು ಯುದ್ಧದ ನಂತರದ್ದು. ಬಾಸೆಲ್ ಮಿಷನ್ ಎಂಬ ಹೆಸರುಳ್ಳದ್ದು ಸಾಮಾನ್ಯವಾಗಿ ಅದಕ್ಕೆ ಮೊದಲಿನದು. ಮುದ್ರೆಯಿಂದ ನಿಖರವಾದ ವರ್ಷ ಸಿಗುವುದಿಲ್ಲ. ‘ಇದಕ್ಕಿಂತ ಹಿಂದಿನದಲ್ಲ, ಇದಕ್ಕಿಂತ ಈಚಿನದಲ್ಲ’ ಎಂಬ ಎರಡು ಗಡಿಗಳು ಸಿಗುತ್ತವೆ. ಪ್ರಾಮಾಣಿಕ ವ್ಯಾಪಾರಕ್ಕೆ ಅಷ್ಟು ಸಾಕು.

ಹೆಸರಿನ ಪಕ್ಕದಲ್ಲಿ ಒಂಟಿ ಅಂಕಿಯೋ ಅಕ್ಷರವೋ ಇದ್ದರೆ ಅದನ್ನೂ ವರ್ಷವೆಂದು ತಿಳಿಯಬಾರದು. ಅಚ್ಚಿನ ಸಂಖ್ಯೆಯನ್ನೋ ಯಂತ್ರದ ಸಂಖ್ಯೆಯನ್ನೋ ಗುರುತಿಸಲು ಇಂತಹ ಗುರುತು ಹಾಕುವುದು ಅಚ್ಚಿನ ಕೆಲಸ ನಡೆಯುವ ಕಾರ್ಖಾನೆಗಳಲ್ಲಿ ಸಾಮಾನ್ಯ ಪದ್ಧತಿ.

ಊರಿನ ಹೆಸರಿನ ಭ್ರಮೆ

ಎರಡನೆಯ ಎಚ್ಚರಿಕೆ ‘ಮಂಗಳೂರು’ ಎಂಬ ಪದದ ಕುರಿತು. ಕಾರ್ಖಾನೆಯ ಹೆಸರಿನ ಜೊತೆ ವಿಳಾಸವಾಗಿ ಬಂದಾಗ ಅದು ಸ್ಥಳವನ್ನು ಸೂಚಿಸುತ್ತದೆ. ಆದರೆ ಈ ಹಂಚು ಪ್ರಸಿದ್ಧವಾದಂತೆ ಆ ಪದ ಒಂದು ಆಕಾರದ ಹೆಸರೂ ಆಯಿತು. ಜೇಡಿಮಣ್ಣಿನ ಹಂಚಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 654 ‘ಮಂಗಳೂರು ಮಾದರಿ’ ಎಂಬ ಮಾತನ್ನೇ ಬಳಸುತ್ತದೆ. ಅಂದರೆ ದೇಶದ ಯಾವ ಮೂಲೆಯಲ್ಲಿ ತಯಾರಾದರೂ ಆ ಆಕಾರದ ಹಂಚು ಮಂಗಳೂರು ಮಾದರಿಯದೇ. ಆದುದರಿಂದ ‘ಮಂಗಳೂರು ಹಂಚು’ ಎಂಬ ಬಾಯಿಮಾತಾಗಲಿ, ಬಿಲ್ಲಿನ ಮೇಲಿನ ಬರಹವಾಗಲಿ, ಅದು ನೇತ್ರಾವತಿಯ ಮಣ್ಣಿನಿಂದ ಆದದ್ದೆಂಬುದಕ್ಕೆ ಸಾಕ್ಷಿಯಲ್ಲ. ಕಾರ್ಖಾನೆಯ ಹೆಸರೇ ಸಾಕ್ಷಿ.

ಮುದ್ರೆ ಏಕೆ ಮುಖ್ಯ?

‘ಮಾಡಿನ ಮೇಲೆ ಕೂತ ಮೇಲೆ ಯಾವ ಹೆಸರಾದರೇನು’ ಎಂದು ಕೇಳುವವರಿದ್ದಾರೆ. ಉತ್ತರ ಅಭಿಮಾನದಲ್ಲಿಲ್ಲ, ಅಳತೆಯಲ್ಲಿದೆ. ಪ್ರತಿ ಕಾರ್ಖಾನೆಯ ಅಚ್ಚು ತನ್ನದೇ. ಮಣ್ಣು ಒಣಗುವಾಗಲೂ ಬೇಯುವಾಗಲೂ ಕುಗ್ಗುತ್ತದೆ. ಕುಗ್ಗುವ ಪ್ರಮಾಣ ಮಣ್ಣಿನಿಂದ ಮಣ್ಣಿಗೆ ಬೇರೆ. ಆದ್ದರಿಂದ ಹೊರನೋಟಕ್ಕೆ ಒಂದೇ ರೀತಿ ಇರುವ ಎರಡು ಕಾರ್ಖಾನೆಗಳ ಹಂಚುಗಳ ಅಂಚು ಮತ್ತು ತೋಡುಗಳು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಕೂರದ ಕಡೆ ಸಂದಿ. ಸಂದಿಯಿದ್ದ ಕಡೆ ಆಟಿ ತಿಂಗಳ ಗಾಳಿಮಳೆಗೆ ಎರಚಲು. ಎರಚಲಿನಿಂದ ರೀಪು, ಪಕ್ಕಾಸುಗಳಿಗೆ ಗೆದ್ದಲು. ಮಾಡಿನ ಕೆಲಸದಲ್ಲಿ ಪಳಗಿದ ಬಡಗಿ ಬೇರೆ ಬೇರೆ ಕಾರ್ಖಾನೆಯ ಹಂಚುಗಳನ್ನು ಒಂದೇ ಸಾಲಿನಲ್ಲಿ ಬೆರೆಸಲು ಒಪ್ಪದಿರುವುದಕ್ಕೆ ಇದೇ ಕಾರಣ.

ಇದನ್ನು ಲೆಕ್ಕದಲ್ಲಿ ನೋಡೋಣ. ಸಾಮಾನ್ಯ ಅಳತೆಯ ಹಂಚು ನೂರು ಚದರ ಅಡಿ ಮಾಡಿಗೆ ಸುಮಾರು 150 ಬೇಕು. 600 ಚದರ ಅಡಿಯ ಒಂದು ಇಳಿಜಾರಿಗೆ 900 ಹಂಚು. ವರ್ತಕರೊಬ್ಬರು 1,500 ಹಂಚುಗಳ ರಾಶಿಯನ್ನು, ಮೇಲಿನ ನಾಲ್ಕು ಹಂಚುಗಳ ಮುದ್ರೆಯನ್ನಷ್ಟೇ ನೋಡಿ, ಒಂದೇ ಕಾರ್ಖಾನೆಯದೆಂದು ಕೊಂಡರೆನ್ನಿ. ಮನೆಗೆ ತಂದು ವಿಂಗಡಿಸಿದಾಗ ಒಂದು ಮುದ್ರೆಯವು 700, ಇನ್ನೊಂದರವು 500, ಮೂರನೆಯದರವು 300 ಎಂದು ಕಂಡುಬಂದರೆ, ರಾಶಿ 1,500 ಆಗಿದ್ದರೂ ಆ 600 ಅಡಿಯ ಒಂದು ಇಳಿಜಾರನ್ನೂ ಒಂದೇ ಮುದ್ರೆಯಲ್ಲಿ ಮುಚ್ಚಲು ಅದು ಸಾಲದು. ಸಂಖ್ಯೆ ಸರಿಯಿದ್ದರೂ ಸರಕು ಸರಿಯಿಲ್ಲ. ನಷ್ಟವಾಗುವುದು ಹೀಗೆ.

ಅದೇ ರೀತಿ ಮಾರುವ ಮನೆಯವರಿಗೂ ಅನ್ಯಾಯವಾಗಬಹುದು. ಒಂದೇ ಮುದ್ರೆಯ ಸಾವಿರ ಹಂಚುಗಳ ರಾಶಿ ಮತ್ತು ಕಲಬೆರಕೆಯ ಸಾವಿರ ಹಂಚುಗಳ ರಾಶಿ ಒಂದೇ ಬೆಲೆಗೆ ಹೋಗಬೇಕಾಗಿಲ್ಲ. ಮನೆ ಪಾಲಾಗಿ, ಪಾಲುದಾರರೆಲ್ಲ ಒಪ್ಪಿ ಮನೆಯನ್ನು ಕಳಚುವಾಗ ‘ಹಂಚು ನೀವೇ ತೆಗೆದುಕೊಂಡು ಹೋಗಿ’ ಎಂದು ಕಳಚುವ ಕೂಲಿಗೆ ವಜಾ ಮಾಡಿಬಿಡುವ ಪದ್ಧತಿ ನಮ್ಮಲ್ಲಿದೆ. ಒಂದು ದಿನ ಕೂತು ವಿಂಗಡಿಸಿದರೆ ಆ ಕೂಲಿಗಿಂತ ಎಷ್ಟೋ ಹೆಚ್ಚು ಮನೆಯವರ ಕೈಸೇರಬಹುದು.

ಮುದ್ರೆಯನ್ನು ಓದುವ ಕ್ರಮ

ಮೊದಲನೆಯದಾಗಿ, ಹಂಚನ್ನು ಒಣಗಿಸಿ ತೆಂಗಿನ ನಾರಿನಿಂದಲೋ ಮೆತ್ತನೆಯ ಬ್ರಷ್‌ನಿಂದಲೋ ಉಜ್ಜಬೇಕು. ಆಸಿಡ್ ಹಾಕಿ ತೊಳೆಯುವುದು, ತಂತಿಯ ಬ್ರಷ್‌ನಿಂದ ಕೆರೆಯುವುದು ಸಲ್ಲದು. ಅಕ್ಷರದ ಅಂಚು ಹೋದರೆ ಗುರುತೂ ಹೋಯಿತು.

ಎರಡನೆಯದಾಗಿ, ಬೆಳಕು ಬದಿಯಿಂದ ಬೀಳುವಂತೆ ಹಿಡಿಯಬೇಕು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಇಲ್ಲವೇ ಟಾರ್ಚಿನ ಬೆಳಕಿನಲ್ಲಿ, ನೆತ್ತಿಯ ಬಿಸಿಲಿಗೆ ಕಾಣದ ಅಕ್ಷರಗಳು ಎದ್ದು ಕಾಣುತ್ತವೆ. ಆಗಲೂ ಸ್ಪಷ್ಟವಾಗದಿದ್ದರೆ ತೆಳುವಾದ ಕಾಗದವನ್ನು ಮೇಲಿಟ್ಟು ಪೆನ್ಸಿಲನ್ನು ಓರೆಯಾಗಿ ಉಜ್ಜಿದರೆ ಮುದ್ರೆ ಕಾಗದಕ್ಕೆ ಇಳಿಯುತ್ತದೆ.

ಮೂರನೆಯದಾಗಿ, ಓದಿದ್ದನ್ನೆಲ್ಲ ಬರೆದುಕೊಳ್ಳಬೇಕು: ಕಾರ್ಖಾನೆಯ ಹೆಸರು, ಊರು, ಇಸವಿ, ಚಿತ್ರವಿದ್ದರೆ ಅದರ ವಿವರ, ಬಿಡಿ ಅಂಕಿ ಅಕ್ಷರಗಳು. ಜೊತೆಗೆ ಉದ್ದ, ಅಗಲ, ತೂಕ. ಮಾನಕದಲ್ಲಿ 410×235 ಮಿಲಿಮೀಟರ್ ಮೊದಲ್ಗೊಂಡು ಬೇರೆ ಬೇರೆ ಅಳತೆಗಳಿವೆ. ಮುದ್ರೆ ಅಳಿಸಿಹೋದ ಹಂಚನ್ನು ಅದರ ಜೊತೆಗಾರರೊಂದಿಗೆ ಸೇರಿಸಲು ಅಳತೆಯೇ ದಾರಿ.

ನಾಲ್ಕನೆಯದಾಗಿ, ಒಂದೆರಡು ಹಂಚುಗಳಿಂದ ಇಡೀ ಮಾಡನ್ನು ತೀರ್ಮಾನಿಸಬಾರದು. ನಮ್ಮ ಊರಿನ ಮಾಡುಗಳಲ್ಲಿ ಗಾಳಿಮಳೆಯ ಹೊಡೆತ ಬೀಳುವ ನೈಋತ್ಯದ ಬದಿಯ ಹಂಚುಗಳು, ತೆಂಗಿನಕಾಯಿ ಬೀಳುವ ಬದಿಯ ಹಂಚುಗಳು ಹಲವು ಸಲ ಬದಲಾಗಿರುತ್ತವೆ. ಪ್ರತಿ ಇಳಿಜಾರಿನ ಮೇಲ್ಭಾಗ, ನಡುಭಾಗ ಮತ್ತು ಅಂಚಿನಿಂದ ಒಂದಷ್ಟು ಹಂಚುಗಳನ್ನು ತೆಗೆದು ನೋಡಬೇಕು. ಕಳಚುವಾಗಲೇ ಮುದ್ರೆಗೊಂದರಂತೆ ಬೇರೆ ಬೇರೆ ಅಟ್ಟಿ ಮಾಡಿದರೆ ಕೆಲಸ ಅರ್ಧವಾಗುತ್ತದೆ. ಹಂಚಿನ ಮುದ್ರೆಯಿಂದ ಮನೆಯ ವಯಸ್ಸನ್ನು ನಿರ್ಧರಿಸಲೂ ಹೋಗಬಾರದು. ಹಳೆಯ ಮನೆಯ ಹಂಚು ಹೊಸ ಮನೆಗೆ ಏರಿದ್ದುಂಟು, ಹಳೆಯ ಮನೆಗೆ ಹೊಸ ಹಂಚು ಹೊದೆಸಿದ್ದೂ ಉಂಟು.

ಗುಣದ ಪರೀಕ್ಷೆ ಬೇರೆಯೇ

ಹೆಸರಾಂತ ಮುದ್ರೆಯ ಹಂಚೂ ಭಟ್ಟಿಯಲ್ಲಿ ಅರೆಬೆಂದಿರಬಹುದು. ಹೆಸರಿಲ್ಲದ ಹಂಚೂ ಉಕ್ಕಿನಂತಿರಬಹುದು. ಐಎಸ್ 654 ಹಂಚನ್ನು ಎಎ ಮತ್ತು ಎ ಎಂಬ ಎರಡು ವರ್ಗಗಳಾಗಿ ವಿಂಗಡಿಸುವುದು ಹೆಸರಿನ ಮೇಲಲ್ಲ, ನೀರು ಹೀರುವ ಪ್ರಮಾಣ ಮತ್ತು ಭಾರ ತಾಳುವ ಶಕ್ತಿಯ ಮೇಲೆ. ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು ಎರಡು. ಹಂಚನ್ನು ತೂಗಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದಾಗ ಕಂಚಿನಂತೆ ನಾದ ಬಂದರೆ ಬಿರುಕಿಲ್ಲ, ಚೆನ್ನಾಗಿ ಬೆಂದಿದೆ; ಮೊಂಡಾದ ಸದ್ದು ಬಂದರೆ ಸಂಶಯಪಡಬೇಕು. ಇನ್ನೊಂದು, ಚೆನ್ನಾಗಿ ಒಣಗಿದ ಹಂಚನ್ನು ತೂಗಿ, ಒಂದು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿಟ್ಟು, ಮೇಲ್ಮೈಯನ್ನು ಒರೆಸಿ ಮತ್ತೆ ತೂಗುವುದು. 2.5 ಕಿಲೋ ಇದ್ದ ಹಂಚು 2.9 ಕಿಲೋ ಆದರೆ ಅದು ತನ್ನ ತೂಕದ ಶೇಕಡಾ 16ರಷ್ಟು ನೀರು ಹೀರಿದೆ ಎಂದರ್ಥ. ಈ ಅಂಕಿಯನ್ನು ಮಾನಕದ ಮಿತಿಯೊಡನೆ ಹೋಲಿಸಬೇಕು. ರಾಶಿಯಿಂದ ಐದಾರು ಹಂಚುಗಳನ್ನು ಹೀಗೆ ನೋಡಿದರೆ ಸರಕಿನ ಗುಣದ ಅಂದಾಜು ಸಿಗುತ್ತದೆ.

ಹೊರಗಿನ ಪಾಠ

ಕಾರ್ಖಾನೆಯ ಗುರುತನ್ನು ಓದುವ ವಿದ್ಯೆ ಹೊರದೇಶಗಳಲ್ಲಿ ಚೆನ್ನಾಗಿ ಬೆಳೆದಿದೆ. 19ನೆಯ ಶತಮಾನದ ಕೊನೆಯಿಂದ ಮೊದಲ ಮಹಾಯುದ್ಧದವರೆಗೆ ಫ್ರಾನ್ಸಿನ ಮಾರ್ಸೇ ಹಂಚುಗಳನ್ನು ಆಸ್ಟ್ರೇಲಿಯ ದೊಡ್ಡ ಪ್ರಮಾಣದಲ್ಲಿ ತರಿಸಿಕೊಂಡಿತ್ತು. ಅಲ್ಲಿನ ಹಳೆಯ ಮನೆಗಳನ್ನು ದುರಸ್ತಿ ಮಾಡುವವರು ಹಂಚಿನ ಒಳಮೈಯ ಚಿತ್ರವನ್ನು ನೋಡಿ ತಯಾರಕರನ್ನು ಗುರುತಿಸುತ್ತಾರೆ. ಗಿಶಾರ್ ಕಾರ್ವಾಂ ಕಂಪೆನಿಯ ಜೇನುನೊಣದ ಗುರುತು ಅವುಗಳಲ್ಲಿ ಪ್ರಸಿದ್ಧ.

ತೀರ ಬೇರೆಯದೊಂದು ಸರಕಿನ ಉದಾಹರಣೆಯನ್ನೂ ನೋಡಬಹುದು. ಹಳೆಯ ಎಲೆಕ್ಟ್ರಿಕ್ ಗಿಟಾರುಗಳಿಗೆ ಜಗತ್ತಿನಾದ್ಯಂತ ದೊಡ್ಡ ಪೇಟೆಯಿದೆ. ಅಮೆರಿಕದ ಫೆಂಡರ್ ಕಂಪೆನಿಯ 1950 ಮತ್ತು 60ರ ದಶಕಗಳ ಗಿಟಾರುಗಳಲ್ಲಿ ಕುತ್ತಿಗೆಯನ್ನು ಒಡಲಿಗೆ ಜೋಡಿಸುವ ಲೋಹದ ತಗಡಿನ ಮೇಲೆ ಕ್ರಮಸಂಖ್ಯೆ ಇರುತ್ತದೆ. ಆದರೆ ಆ ತಗಡುಗಳನ್ನು ಕಾರ್ಖಾನೆಯಲ್ಲಿ ಕಟ್ಟುನಿಟ್ಟಾದ ಅನುಕ್ರಮದಲ್ಲಿ ಬಳಸದ ಕಾರಣ ಸಂಖ್ಯೆಯಿಂದ ಕಾಲದ ಅಂದಾಜು ಮಾತ್ರ ಸಿಗುತ್ತದೆ. ತಿಳಿದವರು ಕುತ್ತಿಗೆಯನ್ನು ಬಿಚ್ಚಿ, ಅದರ ಬುಡದಲ್ಲಿ ಬರೆದ ಅಥವಾ ಒತ್ತಿದ ದಿನಾಂಕವನ್ನೂ ಒಳಗಿನ ಭಾಗಗಳ ಗುರುತುಗಳನ್ನೂ ಒಟ್ಟಿಗೆ ನೋಡಿದ ಮೇಲೆಯೇ ತೀರ್ಮಾನಕ್ಕೆ ಬರುತ್ತಾರೆ. ಹಂಚಾಗಲಿ ಗಿಟಾರಾಗಲಿ, ಒಂದೇ ಗುರುತನ್ನು ನಂಬಿದವನು ಮೋಸಹೋಗುತ್ತಾನೆ. ಗುರುತುಗಳನ್ನು ಒಂದರೊಡನೊಂದು ತಾಳೆ ನೋಡಿದವನು ಉಳಿಯುತ್ತಾನೆ.

ಕಾನೂನಿನ ಮಾತು

ಹಳೆಯ ಹೆಸರಿಗೆ ಬೆಲೆ ಬಂದಾಗ ಹೊಸ ಹಂಚಿಗೆ ಹಳೆಯ ಹೆಸರನ್ನು ಒತ್ತುವ ಆಸೆಯೂ ಹುಟ್ಟಬಹುದು. ಸಣ್ಣ ತಯಾರಕರು ಈ ವಿಷಯದಲ್ಲಿ ಎಚ್ಚರದಿಂದಿರಬೇಕು. ಸರಕಿನ ಮೇಲೆ ಸುಳ್ಳು ಗುರುತು ಹಾಕುವುದನ್ನು ತಡೆಯುವ ಕಾನೂನು ನಮ್ಮ ದೇಶದಲ್ಲಿ 1889ರಿಂದಲೇ ಇದೆ. ವ್ಯಾಪಾರ ಮುದ್ರೆಗಳ ನೋಂದಣಿಗೆ ದೇಶವ್ಯಾಪಿ ಕಾಯ್ದೆ ಬಂದದ್ದು 1940ರಲ್ಲಿ. ಈಗ ಜಾರಿಯಲ್ಲಿರುವುದು 1999ರ ವ್ಯಾಪಾರ ಮುದ್ರೆಗಳ ಕಾಯ್ದೆ. ಅದು 2003ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದಿದೆ. ಇತರರ ಮುದ್ರೆಯನ್ನು ಸುಳ್ಳಾಗಿ ಒತ್ತುವುದು, ಅಂತಹ ಸರಕನ್ನು ಮಾರುವುದು, ತಯಾರಿಯ ಸ್ಥಳದ ಬಗ್ಗೆ ಸುಳ್ಳು ವಿವರ ನೀಡುವುದು ಇದರಡಿ ಅಪರಾಧ, ಸೆರೆವಾಸಕ್ಕೂ ಅವಕಾಶವಿದೆ. ಹಂಚು ಮುಂತಾದ ಲೋಹವಲ್ಲದ ಕಟ್ಟಡ ಸಾಮಗ್ರಿಗಳು 19ನೆಯ ವರ್ಗಕ್ಕೆ ಸೇರುತ್ತವೆ. ನೋಂದಣಿಯ ಅವಧಿ ಹತ್ತು ವರ್ಷ; ಮತ್ತೆ ಮತ್ತೆ ನವೀಕರಿಸಬಹುದು. ಕಾರ್ಖಾನೆ ಮುಚ್ಚಿದ ಮಾತ್ರಕ್ಕೆ ಹೆಸರು ಅನಾಥವಾಯಿತೆಂದು ಭಾವಿಸಬಾರದು.

ಬಿಲ್ಲಿನಲ್ಲಿಯೂ ಎಚ್ಚರ ಅಗತ್ಯ. ‘150 ವರ್ಷ ಹಳೆಯ ಬಾಸೆಲ್ ಮಿಷನ್ ಹಂಚು’ ಎಂದು ಬರೆದು, ಅದು ಹಾಗಲ್ಲವೆಂದು ಸಿದ್ಧವಾದರೆ ಗ್ರಾಹಕರ ಆಯೋಗದಲ್ಲಿ ಉತ್ತರ ಹೇಳಬೇಕಾದೀತು. ಅದರ ಬದಲು ‘ಕಳಚಿದ ಹಳೆಯ ಹಂಚು, ಮುದ್ರೆ ಇಂತಹದು, ಅಳತೆ ಇಷ್ಟು, ಸಂಖ್ಯೆ ಇಷ್ಟು, ಒಡೆದವು ಇಷ್ಟು’ ಎಂದು ಕಂಡದ್ದನ್ನಷ್ಟೇ ಬರೆಯುವುದು ಮಾರುವವನಿಗೂ ಕೊಳ್ಳುವವನಿಗೂ ಕ್ಷೇಮ.

ಆಗಬೇಕಾದ ಕೆಲಸ

ನಮ್ಮ ಹಂಚಿನ ಕಾರ್ಖಾನೆಗಳಲ್ಲಿ ಹಲವು ಬಾಗಿಲು ಮುಚ್ಚಿವೆ. ಕಾಂಕ್ರೀಟಿನ ಪೈಪೋಟಿ, ಮಣ್ಣು ಮತ್ತು ಕಟ್ಟಿಗೆಯ ಅಭಾವ, ಕೆಲಸಗಾರರ ಕೊರತೆ, ಕಾರಣಗಳು ಎಲ್ಲರಿಗೂ ತಿಳಿದವೇ. ಕಾರ್ಖಾನೆಯ ಲೆಕ್ಕಪುಸ್ತಕಗಳು, ಅಚ್ಚುಗಳು ಗುಜರಿಗೆ ಹೋದ ಮೇಲೆ ಅವುಗಳ ನೆನಪು ಉಳಿಯುವುದು ನಮ್ಮ ಮಾಡುಗಳ ಮೇಲಿನ ಹಂಚುಗಳಲ್ಲಿ ಮಾತ್ರ. ಆ ಮಾಡುಗಳೂ ಕಳಚುತ್ತಿವೆ. ಆದ್ದರಿಂದ ಈ ಮೂರು ತಾಲ್ಲೂಕುಗಳಲ್ಲಿ ಕಂಡುಬರುವ ಮುದ್ರೆಗಳ ಒಂದು ಪಟ್ಟಿಯನ್ನು, ಪ್ರತಿ ಮುದ್ರೆಯ ಛಾಯಾಚಿತ್ರ, ಅಳತೆ ಮತ್ತು ಸಿಕ್ಕಿದ ಊರಿನ ವಿವರದೊಂದಿಗೆ, ತಯಾರಿಸುವುದು ಅಗತ್ಯವಾಗಿದೆ. ಇದಕ್ಕೆ ದೊಡ್ಡ ಖರ್ಚಿಲ್ಲ. ಹಳೆಯ ಸಾಮಗ್ರಿಯ ವರ್ತಕರು ತಾವು ಕೊಳ್ಳುವ ಪ್ರತಿ ರಾಶಿಯಿಂದ ಮುದ್ರೆಗೊಂದರಂತೆ ಹಂಚನ್ನು ತೆಗೆದಿರಿಸಿ, ಚಿತ್ರ ತೆಗೆದು ಮಂಡಳಿಗೆ ಕಳುಹಿಸಿದರೆ ಪಟ್ಟಿ ತಾನಾಗಿಯೇ ಬೆಳೆಯುತ್ತದೆ. ಬಿ.ಸಿ. ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ, ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಂತಹ ಸಂಸ್ಥೆಗಳು ನಮ್ಮ ನಡುವೆಯೇ ಇರುವುದರಿಂದ, ಒಂದೊಂದು ಮಾದರಿ ಹಂಚನ್ನು ಶಾಶ್ವತವಾಗಿ ಇರಿಸುವ ಬಗ್ಗೆ ಅವುಗಳೊಡನೆ ಮಾತುಕತೆ ನಡೆಸಬಹುದು.

ಈಗಲೂ ಹಂಚು ತಯಾರಿಸುತ್ತಿರುವ ಉದ್ಯಮಿಗಳಿಗೆ ಒಂದು ವಿನಂತಿ. ಅಚ್ಚಿನಲ್ಲಿ ಕಾರ್ಖಾನೆಯ ಹೆಸರು ಮತ್ತು ಊರಿನ ಜೊತೆಗೆ ತಯಾರಾದ ವರ್ಷವನ್ನೂ ಕೊರೆಸಿರಿ. ವರ್ಷಕ್ಕೊಮ್ಮೆ ಬದಲಿಸಬಹುದಾದ ಚಿಕ್ಕ ಬಿಲ್ಲೆಯೊಂದನ್ನು ಅಚ್ಚಿನಲ್ಲಿ ಕೂರಿಸಿದರೆ ಸಾಕು. ಸ್ಥಾಪನೆಯ ವರ್ಷ ಮನೆತನದ ಗೌರವವನ್ನು ಹೇಳುತ್ತದೆ. ತಯಾರಿಯ ವರ್ಷ ಸರಕಿನ ಹೊಣೆಯನ್ನು ಹೊರುತ್ತದೆ. ಗಿರಾಕಿಗೆ ಬೇಕಾದದ್ದು ಎರಡನೆಯದು.